ದೊರೆಗಳು ಹಡಗು ಹತ್ತಿದ ಮೇಲೆ

1951ರ ಅಕ್ಟೋಬರ್ 4. ಇರಾನಿನ ನೈಋತ್ಯ ಮೂಲೆಯಲ್ಲಿರುವ ಅಬಾದಾನ್ ಅನ್ನೋ ಊರು. ಅಲ್ಲಿನ ಜಿಮ್ಖಾನಾ ಕ್ಲಬ್ಬಿನ ಮುಂದೆ ಸುಮಾರು 300 ಜನ ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದರು. ಕೆಲವರ ಕೈಯಲ್ಲಿ ಟೆನಿಸ್ ರಾಕೆಟ್, ಗಾಲ್ಫ್ ಕೋಲು. ಕೆಲವರ ಜೊತೆ ಸಾಕಿದ ನಾಯಿ. ನದಿಯಲ್ಲಿ 'ಮಾರಿಷಸ್' ಹೆಸರಿನ ಯುದ್ಧನೌಕೆ ಕಾಯ್ತಾ ಇತ್ತು. ಒಬ್ಬೊಬ್ಬರಾಗಿ ಹತ್ತಿದರು, ನೌಕೆಯ ಬ್ಯಾಂಡ್ ನುಡಿಸಿತು, ನದಿಯುದ್ದಕ್ಕೂ ಸಾಗಿ ಇರಾಕಿನ ಬಸ್ರಾ ಸೇರಿದರು. ಅವರು ಬಿಟ್ಟುಹೋಗಿದ್ದು ಆಗಿನ ಜಗತ್ತಿನ ಅತಿ ದೊಡ್ಡ ತೈಲ ಶುದ್ಧೀಕರಣಾಗಾರವನ್ನ. ದಿನಕ್ಕೆ 5 ಲಕ್ಷ ಬ್ಯಾರೆಲ್ ಸಾಮರ್ಥ್ಯದ್ದು.

ಈ ಪ್ರಸಂಗವನ್ನು ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಮೊಸಾದೆಕ್, ಚರ್ಚಿಲ್, ಸಿಐಎ ಸುತ್ತ ಹೇಳುತ್ತವೆ. ತಪ್ಪೇನಿಲ್ಲ. ಆದರೆ ನನಗೆ ಯಾವಾಗಲೂ ಕಾಡೋದು ಮಾರನೇ ದಿನ ಬೆಳಿಗ್ಗೆಯ ಪ್ರಶ್ನೆ. ಅಕ್ಟೋಬರ್ 5ನೇ ತಾರೀಖು ಅಲ್ಲಿ ಪಾಳಿಗೆ ಬಂದ ಇರಾನಿ ಇಂಜಿನಿಯರ್ ಏನು ಮಾಡಿದ?

ನಿಮ್ಮ ಆಫೀಸನ್ನೇ ಊಹಿಸಿಕೊಳ್ಳಿ. ಮ್ಯಾನೇಜರು, ಆರ್ಕಿಟೆಕ್ಟು, ಟೀಮ್ ಲೀಡು ಎಲ್ಲ ಒಂದೇ ದಿನ ರಾಜೀನಾಮೆ ಕೊಟ್ಟು ಹೋದರು ಅಂತಿಟ್ಕೊಳ್ಳಿ. ಸರ್ವರ್ ನಿಂತರೆ ಗ್ರಾಹಕರು ಬೈತಾರೆ, ಅಷ್ಟೆ. ಇಲ್ಲಿ ತಪ್ಪು ವಾಲ್ವ್ ತೆಗೆದರೆ ಊರೇ ಹೊತ್ತಿ ಉರಿಯುತ್ತೆ. ಲಂಡನ್ನಿನಲ್ಲಿ ಆಗ ಚಾಲ್ತಿಯಲ್ಲಿದ್ದ ಮಾತು ಒಂದೇ: ಇರಾನಿಗಳ ಕೈಲಿ ಇದು ಆಗುವ ಕೆಲಸ ಅಲ್ಲ, ಸ್ವಲ್ಪ ದಿನ ಕಾದರೆ ಅವರೇ ಬಂದು ಬೇಡಿಕೊಳ್ತಾರೆ. ರಾಜಕೀಯ ಲೆಕ್ಕಾಚಾರದ ಒಂದು ಭಾಗ ನಿಂತಿದ್ದೇ ಈ ನಂಬಿಕೆಯ ಮೇಲೆ.

ಆ ನಂಬಿಕೆ ಬೆಳೆದ ಬಗೆ ನೋಡೋಣ. 1901ರಲ್ಲಿ ವಿಲಿಯಂ ಡಾರ್ಸಿ ಅನ್ನೋ ಶ್ರೀಮಂತ ಪರ್ಷಿಯಾದ ದೊರೆಯಿಂದ ತೈಲ ಹುಡುಕುವ ಪರವಾನಗಿ ಪಡೆದ. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನ್ ಅನ್ನೋ ಜಾಗದಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಬೆಟ್ಟದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪೈಪ್‌ಲೈನ್ ಎಳೆದು, ಖರ್ಜೂರದ ಮರ ಮತ್ತು ಕೆಸರು ಬಿಟ್ಟರೆ ಹೆಚ್ಚೇನೂ ಇರದಿದ್ದ ಅಬಾದಾನ್ ದ್ವೀಪದಲ್ಲಿ ಘಟಕ ಕಟ್ಟಿದರು. 1912ರಲ್ಲಿ ಅದು ಶುರುವಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಬಹುಪಾಲು ಷೇರು ಕೊಂಡಿತು. ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳುತ್ತಿದ್ದ ಕಾಲ ಅದು.

ಇಲ್ಲಿ ನಮ್ಮವರು ಬರ್ತಾರೆ. ಈ ಕಂಪನಿಯ ತಾಯಿ ಕಂಪನಿ ಬರ್ಮಾ ಆಯಿಲ್. ಅದರ ಶುದ್ಧೀಕರಣಾಗಾರ ಇದ್ದದ್ದು ರಂಗೂನ್ ಪಕ್ಕದ ಸಿರಿಯಂನಲ್ಲಿ. ಅಲ್ಲಿ ಕೆಲಸ ಕಲಿತಿದ್ದ ಭಾರತೀಯ ಫಿಟ್ಟರು, ಬಾಯ್ಲರಿನವರು, ಗುಮಾಸ್ತರನ್ನು ಹಡಗಿನಲ್ಲಿ ಅಬಾದಾನಿಗೆ ತಂದರು. ಹಾಗಾಗಿ ಅಲ್ಲಿ ಮೂರು ಅಂತಸ್ತು ತಯಾರಾಯಿತು. ಮೇಲೆ ಬ್ರಿಟಿಷ್ ಇಂಜಿನಿಯರು, ನಡುವೆ ಕುಶಲ ಕೆಲಸದ ಭಾರತೀಯ, ಕೆಳಗೆ ಕೂಲಿಯ ಇರಾನಿ ಮತ್ತು ಅರಬ. ಮಧ್ಯದವರು ಸುಮ್ಮನೆ ಕೂತಿರಲಿಲ್ಲ. 1920ರಲ್ಲಿ ಸುಮಾರು 3,000 ಭಾರತೀಯರು ಸಂಬಳಕ್ಕಾಗಿ ಮುಷ್ಕರ ಹೂಡಿದರು. 1922ರಲ್ಲಿ ಮತ್ತೆ ಹೂಡಿದಾಗ ಕಂಪನಿ ಅವರನ್ನು ಗುಂಪುಗುಂಪಾಗಿ ಊರಿಗೆ ಅಟ್ಟಿತು. ಅಬಾದಾನಿನಲ್ಲಿ ಇವತ್ತಿಗೂ ಘಟಕದ ಗೋಡೆಯ ಪಕ್ಕ 'ರಂಗೂನಿಗಳ ಮಸೀದಿ' ಇದೆ. ಆ ಕಾಲದ ಕೆಲಸಗಾರರು ಕಟ್ಟಿಕೊಂಡಿದ್ದು. ಸಿಖ್ಖರು ಇದ್ದ ಬೀದಿಗೆ 'ಸಿಕ್‌ಲೇನ್' ಅನ್ನೋ ಹೆಸರೂ ಉಳಿದಿದೆ.

ಬ್ರಿಟಿಷರ ಬಡಾವಣೆ ಬ್ರೈಮ್. ಹುಲ್ಲುಹಾಸು, ಹೂತೋಟ, ಈಜುಕೊಳ. ಕೂಲಿಯವರಲ್ಲಿ ಎಷ್ಟೋ ಜನ ಇದ್ದದ್ದು ಕಾಗಜಾಬಾದ್‌ನಲ್ಲಿ, ಅಂದರೆ ಕಾಗದದೂರು. ಹೆಸರೇ ಎಲ್ಲ ಹೇಳುತ್ತೆ. ಬೇಸಿಗೆಯಲ್ಲಿ ಉಷ್ಣಾಂಶ 50 ಡಿಗ್ರಿ ಹತ್ತಿರ ಹೋಗುವ ಊರಲ್ಲಿ ಆ ಗುಡಿಸಲುಗಳಲ್ಲಿ ಜನ ಹೇಗೆ ಮಲಗುತ್ತಿದ್ದರೋ.

1933ರಲ್ಲಿ ಒಪ್ಪಂದ ಹೊಸದಾಯಿತು. ಅದರ 16ನೇ ಕಲಮು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಪರ್ಷಿಯನ್ನರಲ್ಲದ ನೌಕರರನ್ನು ಕ್ರಮೇಣ ಕಡಿಮೆ ಮಾಡ್ತೀವಿ, ಪರ್ಷಿಯನ್ ಹುಡುಗರು ಬ್ರಿಟನ್ನಿನಲ್ಲಿ ತೈಲ ಕೈಗಾರಿಕೆಯ ಓದು ಓದೋಕೆ ವರ್ಷಕ್ಕೆ 10,000 ಪೌಂಡ್ ಕೊಡ್ತೀವಿ ಅಂತ ಕಂಪನಿ ಬರೆದುಕೊಟ್ಟಿತು. ಕೆಲವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. 1939ರಲ್ಲಿ ಅಬಾದಾನಿನಲ್ಲೇ ತಾಂತ್ರಿಕ ಶಾಲೆ ತೆರೆಯಿತು. ಅಂದರೆ ಓದು ಕೊಟ್ಟರು. ಕುರ್ಚಿ ಮಾತ್ರ ಬಿಟ್ಟುಕೊಡಲಿಲ್ಲ. ಹಿರಿಯ ಹುದ್ದೆಗಳಲ್ಲಿ ವಿದೇಶಿಯರೇ ತುಂಬಿಕೊಂಡಿದ್ದರು. ನಿರ್ಧಾರ ತಗೊಳ್ಳೋಕೆ ಬಿಡದೆ ಇಟ್ಟು, ಆಮೇಲೆ 'ಇವರಿಗೆ ನಿರ್ಧಾರ ತಗೊಳ್ಳೋ ಅನುಭವ ಇಲ್ಲ' ಅನ್ನೋದು. ಇದು ಯಾವ ಕಾಲದ, ಯಾವ ಕಂಪನಿಯ ಮಾತು ಅಂತ ಬೇರೆ ಹೇಳಬೇಕೆ?

ದುಡ್ಡಿನ ಲೆಕ್ಕವೂ ಹಾಗೇ ಇತ್ತು. 1950ರ ಹೊತ್ತಿಗೆ ಇರಾನಿಗೆ ರಾಯಲ್ಟಿಯಾಗಿ ಸಿಗುತ್ತಿದ್ದಕ್ಕಿಂತ ಬ್ರಿಟಿಷ್ ಖಜಾನೆಗೆ ತೆರಿಗೆಯಾಗಿ ಹೋಗುತ್ತಿದ್ದದ್ದೇ ಜಾಸ್ತಿ. ಪಕ್ಕದ ಸೌದಿಯಲ್ಲಿ ಅಮೆರಿಕನ್ನರು ಲಾಭವನ್ನು ಅರ್ಧರ್ಧ ಹಂಚಿಕೊಳ್ಳಲು ಒಪ್ಪಿದ ವರ್ಷ ಅದು. 1951ರ ಮಾರ್ಚಿನಲ್ಲಿ ಇರಾನಿನ ಸಂಸತ್ತು ತೈಲವನ್ನು ರಾಷ್ಟ್ರೀಕರಿಸಿತು. ಏಪ್ರಿಲ್ ಕೊನೆಗೆ ಮೊಸಾದೆಕ್ ಪ್ರಧಾನಿಯಾದರು.

ಜೂನ್ ತಿಂಗಳಲ್ಲಿ ಘಟಕವನ್ನು ವಶಕ್ಕೆ ತಗೊಳ್ಳಲು ಬಂದ ಮಂಡಳಿಯ ಮುಂದಾಳು ಮೆಹದಿ ಬಾಜರ್ಗಾನ್. ಪ್ಯಾರಿಸ್ಸಿನಲ್ಲಿ ಓದಿ ಬಂದ, ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುವ ಮೇಷ್ಟ್ರು. ಎದುರಿಗೆ ಕಂಪನಿಯ ಜನರಲ್ ಮ್ಯಾನೇಜರ್ ಎರಿಕ್ ಡ್ರೇಕ್. ಆಗ ಸಂಸತ್ತಿನ ಮುಂದೆ ಬಂದಿದ್ದ ಒಂದು ಕಾಯ್ದೆಯ ಪ್ರಕಾರ ತನ್ನ ಮೇಲೆ ಬುಡಮೇಲು ಕೃತ್ಯದ ಆರೋಪ ಬರಬಹುದು ಅಂತ ಡ್ರೇಕ್ ಜೂನ್ ಕೊನೆಯಲ್ಲೇ ಬಸ್ರಾಕ್ಕೆ ಹೊರಟುಬಿಟ್ಟರು. ಬಾಕಿ ಬ್ರಿಟಿಷ್ ಸಿಬ್ಬಂದಿಗೆ ಇರಾನ್ ಒಂದು ಪ್ರಸ್ತಾಪ ಮುಂದಿಟ್ಟಿತು: ಹುದ್ದೆ ಹಾಗೇ ಇರಲಿ, ಸಂಬಳವೂ ಅದೇ, ಮಾಲೀಕರು ಮಾತ್ರ ನಾವು. ಅವರು ಒಪ್ಪಲಿಲ್ಲ.

ಆದರೆ ಘಟಕ ನಿಂತದ್ದು ಇಂಜಿನಿಯರುಗಳಿಲ್ಲದೆ ಅಲ್ಲ. ಅದು ನಿಂತದ್ದು ಬ್ರಿಟಿಷರು ಇನ್ನೂ ಅಲ್ಲೇ ಇದ್ದಾಗ, ಜುಲೈ 31ಕ್ಕೆ! ಎಣ್ಣೆ ತುಂಬಿಕೊಳ್ಳುವ ಟ್ಯಾಂಕರ್ ಹಡಗಿನ ಕ್ಯಾಪ್ಟನ್ನುಗಳು 'ಈ ಎಣ್ಣೆ ಇರಾನಿನ ರಾಷ್ಟ್ರೀಯ ಕಂಪನಿಯದ್ದು' ಅಂತ ರಸೀದಿಗೆ ಸಹಿ ಹಾಕಬೇಕು ಎಂದು ಮಂಡಳಿ ಪಟ್ಟುಹಿಡಿಯಿತು. ಸಹಿ ಹಾಕಬೇಡಿ, ತುಂಬಿದ ಎಣ್ಣೆಯನ್ನು ವಾಪಸ್ ಪಂಪ್ ಮಾಡಿ ಖಾಲಿ ಹಡಗು ತಗೊಂಡು ಬನ್ನಿ ಅಂತ ಕಂಪನಿ ಹೇಳಿತು. ರಿಫೈನರಿ ಅನ್ನೋದು ನದಿಯಿದ್ದ ಹಾಗೆ. ಒಂದು ಕಡೆ ಬರ್ತಿರಬೇಕು, ಇನ್ನೊಂದು ಕಡೆ ಹೋಗ್ತಿರಬೇಕು. ಟ್ಯಾಂಕುಗಳು ತುಂಬಿದವು. ಫರ್ನೇಸುಗಳನ್ನು ಆರಿಸಲೇಬೇಕಾಯಿತು.

ಆರಿಸಿದ್ದನ್ನು ಮತ್ತೆ ಹಚ್ಚುವುದೇ ಕಷ್ಟದ ಕೆಲಸ. ಸ್ವಲ್ಪ ವಿವರಿಸ್ತೀನಿ. ಕಚ್ಚಾ ಎಣ್ಣೆಯನ್ನು ಫರ್ನೇಸಿನ ಕೊಳವೆಗಳಲ್ಲಿ ಹಾಯಿಸಿ ಸುಮಾರು 350 ಡಿಗ್ರಿವರೆಗೆ ಕಾಯಿಸಿ ಎತ್ತರದ ಕಾಲಮ್ಮಿಗೆ ಬಿಡ್ತಾರೆ. ಹಗುರವಾದದ್ದು ಆವಿಯಾಗಿ ಮೇಲಕ್ಕೆ ಹೋಗುತ್ತೆ, ಭಾರವಾದದ್ದು ತಳ ಸೇರುತ್ತೆ, ಸೀಮೆಎಣ್ಣೆ ಡೀಸೆಲ್ಲು ನಡುವಿನ ತಟ್ಟೆಗಳಲ್ಲಿ ಸಿಗುತ್ತೆ. ಇಷ್ಟು ಪಠ್ಯಪುಸ್ತಕದಲ್ಲಿದೆ. ಆದರೆ ತಿಂಗಳುಗಟ್ಟಲೆ ನಿಂತ ಘಟಕದ ಯಾವುದೋ ಪೈಪಿನ ತಗ್ಗಿನಲ್ಲಿ ನಾಲ್ಕು ಬಕೆಟ್ ನೀರು ನಿಂತಿರುತ್ತೆ. ಬಿಸಿ ಎಣ್ಣೆ ಅದಕ್ಕೆ ತಾಗಿದರೆ ನೀರು ಸಾವಿರದ ಆರುನೂರು ಪಟ್ಟು ಉಬ್ಬಿ ಆವಿಯಾಗುತ್ತೆ, ಕಾಲಮ್ಮಿನೊಳಗಿನ ತಟ್ಟೆಗಳನ್ನು ಕಿತ್ತು ಎಸೆಯುತ್ತೆ. ಅದಕ್ಕೇ ನಿಧಾನ ಕಾಯಿಸಬೇಕು, ತಗ್ಗಿನ ಒಂದೊಂದು ಡ್ರೇನ್ ತೆಗೆದು ನೋಡಬೇಕು, ಬಿಸಿಗೆ ಸಡಿಲವಾದ ಬೋಲ್ಟುಗಳನ್ನು ಮತ್ತೆ ಬಿಗಿಮಾಡಬೇಕು. ಕಂಪ್ಯೂಟರ್ ಪರದೆ ಇಲ್ಲದ ಕಾಲ. ಗೇಜು ನೋಡಿ, ಪಂಪಿನ ಸದ್ದು ಕೇಳಿ ಅಂದಾಜು ಮಾಡಬೇಕು. ಈ ಅಂದಾಜು ಸಿಗೋದು ಆ ಪಂಪಿನ ಪಕ್ಕ ವರ್ಷಗಟ್ಟಲೆ ನಿಂತವನಿಗೆ.

ಅಬಾದಾನಿನಲ್ಲಿ ಪಂಪಿನ ಪಕ್ಕ ನಿಂತಿದ್ದವರು ಇರಾನಿಗಳೇ. ಲಂಡನ್ನಿನ ಲೆಕ್ಕ ತಪ್ಪಿದ್ದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಹುದ್ದೆಯ ಪಟ್ಟಿಯಲ್ಲಿ ಮೇಲಿರುವವನಿಗೇ ಎಲ್ಲ ಗೊತ್ತು ಅಂತ ಅವರು ಅಂದುಕೊಂಡಿದ್ದರು. ಅರ್ಧ ಗೊತ್ತಿದ್ದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಓದಿ ಬಂದು ಕಿರಿಯ ಹುದ್ದೆಯಲ್ಲೇ ಕೊಳೆಯುತ್ತಿದ್ದವನಿಗೆ, ಇನ್ನರ್ಧ ಹದಿನೈದು ವರ್ಷದಿಂದ ಅದೇ ವಾಲ್ವ್ ತಿರುಗಿಸುತ್ತಿದ್ದ ಫೋರ್‌ಮನ್‌ಗೆ. ಇಬ್ಬರೂ ಒಟ್ಟಾದರು, ಘಟಕ ನಡೆಯಿತು.

ಪೂರ್ತಿ ಅಲ್ಲ, ದೇಶದೊಳಗಿನ ಬಳಕೆಗೆ ಬೇಕಾದಷ್ಟು. ಇರಾನಿನ ಚಳಿಗಾಲಕ್ಕೆ ಸೀಮೆಎಣ್ಣೆ, ಲಾರಿಗಳಿಗೆ ಪೆಟ್ರೋಲು. 5 ಲಕ್ಷ ಬ್ಯಾರೆಲ್ಲಿನ ದೈತ್ಯನನ್ನು ಸಣ್ಣ ಉರಿಯಲ್ಲಿ ಓಡಿಸೋದು ಪೂರ್ತಿ ಓಡಿಸೋದಕ್ಕಿಂತ ಸುಲಭ ಅಂತ ಅಂದ್ಕೋಬೇಡಿ, ಎಷ್ಟೋ ಸಲ ಅದೇ ಕಷ್ಟ. ಜೊತೆಗೆ, ಓಡದೆ ನಿಂತ ಬಾಕಿ ಘಟಕಗಳನ್ನು ತುಕ್ಕು ಹಿಡಿಯದಂತೆ ಕಾಪಾಡಬೇಕಿತ್ತು. 1952ರಲ್ಲಿ ಅಮೆರಿಕದ ಸಿಟೀಸ್ ಸರ್ವಿಸ್ ಕಂಪನಿಯ ಮುಖ್ಯಸ್ಥ ಆಲ್ಟನ್ ಜೋನ್ಸ್ ತಜ್ಞರ ಜೊತೆ ಬಂದು ನೋಡಿದರು. ಒಳ್ಳೆ ಸ್ಥಿತಿಯಲ್ಲಿದೆ ಅಂದರು. ಬೇಡಿಕೊಂಡು ಬರ್ತಾರೆ ಅಂತ ಕಾಯುತ್ತಿದ್ದವರಿಗೆ ಇದು ಖುಷಿಯ ಸುದ್ದಿ ಆಗಿರಲಾರದು.

ಆದರೂ ಇರಾನ್ ಸೋತಿತು. ನಡೆಸೋಕೆ ಬಂದರೂ ಮಾರೋಕೆ ಬರಲಿಲ್ಲ. ಹಡಗುಗಳು ಅವರವು, ಮಾರುಕಟ್ಟೆ ಅವರದ್ದು. 1952ರ ಜೂನಿನಲ್ಲಿ 'ರೋಸ್ ಮೇರಿ' ಅನ್ನೋ ಟ್ಯಾಂಕರ್ ಇರಾನಿನ ಎಣ್ಣೆ ಹೊತ್ತು ಇಟಲಿಗೆ ಹೊರಟಾಗ ಬ್ರಿಟಿಷರು ಅದನ್ನು ಏಡನ್ ಬಂದರಿಗೆ ತಿರುಗಿಸಿದರು. ಅಲ್ಲಿನ ಕೋರ್ಟು, ಇದು ಕಂಪನಿಯ ಎಣ್ಣೆ ಅಂತ ತೀರ್ಪು ಕೊಟ್ಟಿತು. ಉಳಿದ ಹಡಗಿನವರು ಆ ಕಡೆ ಸುಳಿಯಲಿಲ್ಲ. ಕುವೈತ್, ಸೌದಿ, ಇರಾಕ್ ಹೆಚ್ಚು ಎಣ್ಣೆ ತೆಗೆದು ಆ ಜಾಗ ತುಂಬಿದವು. ಹಡಗು ತಡೆಯೋದಕ್ಕೆ ಈಗ ನೌಕಾಪಡೆ ಬೇಕಿಲ್ಲ, ವಿಮೆ ಸಾಕು. 2013ರಲ್ಲಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೆಲವು ತಿಂಗಳು ಇರಾನಿನ ಎಣ್ಣೆ ತರಿಸೋದನ್ನು ನಿಲ್ಲಿಸಿತು. ಇರಾನಿನ ಎಣ್ಣೆ ಸಂಸ್ಕರಿಸುವ ರಿಫೈನರಿಗೆ, ಅಮೆರಿಕ ಮತ್ತು ಯುರೋಪಿನ ನಿರ್ಬಂಧಗಳಿಂದಾಗಿ ವಿಮೆ ಸಿಗೋದು ಕಷ್ಟವಾಗಿತ್ತು.

ಅಬಾದಾನ್ ನಿಂತಿದ್ದಕ್ಕೆ ಭಾರತದಲ್ಲೂ ಬಿಸಿ ತಟ್ಟಿತು. ಆಗ ನಮ್ಮಲ್ಲಿ ಇದ್ದದ್ದು ಅಸ್ಸಾಮಿನ ದಿಗ್ಬೋಯ್ ಒಂದೇ. ಬಳಸೋ ಪೆಟ್ರೋಲು, ಸೀಮೆಎಣ್ಣೆಯ ದೊಡ್ಡ ಪಾಲು ಹೊರಗಿಂದ, ಅದರಲ್ಲೂ ಅಬಾದಾನಿನಿಂದ ಬರುತ್ತಿತ್ತು. ಸರ್ಕಾರ ಆಗ ವಿದೇಶಿ ಕಂಪನಿಗಳ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಟ್ರಾಂಬೆಯಲ್ಲಿ ಸ್ಟಾನ್‌ವ್ಯಾಕ್ 1954ರಲ್ಲಿ, ಬರ್ಮಾ ಶೆಲ್ 1955ರಲ್ಲಿ, ವಿಶಾಖಪಟ್ಟಣದಲ್ಲಿ ಕಾಲ್‌ಟೆಕ್ಸ್ 1957ರಲ್ಲಿ ಶುರುವಾದವು. ಘಟಕ ನಮ್ಮ ನೆಲದಲ್ಲಿ, ನಲ್ಲಿ ಅವರ ಕೈಯಲ್ಲಿ. 1960ರಲ್ಲಿ ಸೋವಿಯತ್ ರಷ್ಯಾ ಕಡಿಮೆ ಬೆಲೆಗೆ ಕಚ್ಚಾ ಎಣ್ಣೆ ಕೊಡ್ತೀನಿ ಅಂದಾಗ ಈ ಮೂರೂ ಕಂಪನಿಗಳು ಅದನ್ನು ಸಂಸ್ಕರಿಸೋಕೆ ಒಪ್ಪಲಿಲ್ಲ. ನಾವು ಸ್ವಂತ ರಿಫೈನರಿ ಕಟ್ಟೋ ಹಟಕ್ಕೆ ಬಿದ್ದದ್ದರ ಹಿಂದೆ ಈ ಅನುಭವವೂ ಇದೆ.

1953ರ ಆಗಸ್ಟ್ 19ರಂದು ಮೊಸಾದೆಕ್ ಸರ್ಕಾರವನ್ನು ಉರುಳಿಸಿದರು. ಅದರ ಕಥೆ ಬೇರೆಡೆ ಬೇಕಾದಷ್ಟು ಸಿಗುತ್ತೆ. 1954ರಲ್ಲಿ ಹೊಸ ಒಕ್ಕೂಟ ಬಂತು: ಹಳೇ ಬ್ರಿಟಿಷ್ ಕಂಪನಿಗೆ ಶೇ 40, ಅಮೆರಿಕನ್ನರಿಗೆ ಶೇ 40, ಶೆಲ್‌ಗೆ 14, ಫ್ರೆಂಚರಿಗೆ 6. ಕಾಗದದ ಮೇಲೆ ಆಸ್ತಿ ಇರಾನಿನದ್ದು. ಘಟಕ ನಡೆಸೋ ಹಕ್ಕು ಮಾತ್ರ ಹಾಲೆಂಡಿನಲ್ಲಿ ನೋಂದಾಯಿಸಿದ, ಒಕ್ಕೂಟದ್ದೇ ಆದ ಕಂಪನಿಯ ಕೈಗೆ. ಮೂರು ವರ್ಷ ತಾವೇ ನಡೆಸಿದ ಇಂಜಿನಿಯರುಗಳ ಮೇಲೆ ಮತ್ತೆ ಹೊರಗಿನ ಸಾಹೇಬರು ಬಂದು ಕೂತರು. 1973ರಲ್ಲಿ ಇರಾನಿನ ರಾಷ್ಟ್ರೀಯ ಕಂಪನಿ ಪೂರ್ತಿ ಉಸ್ತುವಾರಿ ವಹಿಸಿಕೊಳ್ಳುವವರೆಗೆ ಇದೇ ನಡೆಯಿತು. ಬಸ್ರಾಕ್ಕೆ ಹೋಗಿದ್ದ ಎರಿಕ್ ಡ್ರೇಕ್ ಮುಂದೆ ಬಿಪಿ ಕಂಪನಿಯ ಅಧ್ಯಕ್ಷರೇ ಆದರು.

ಬಾಜರ್ಗಾನ್ ಟೆಹರಾನಿಗೆ ನಲ್ಲಿ ನೀರು ತರುವ ಕೆಲಸಕ್ಕೆ ಹೋದರು. ರಾಜಕೀಯಕ್ಕಾಗಿ ಷಾ ಕಾಲದಲ್ಲಿ ಜೈಲಿಗೂ ಹೋದರು. 1978ರ ಕೊನೆಗೆ ಷಾ ವಿರುದ್ಧ ತೈಲ ಕಾರ್ಮಿಕರು ಮುಷ್ಕರ ಹೂಡಿ ಇಡೀ ದೇಶಕ್ಕೆ ಎಣ್ಣೆ ನಿಂತುಹೋಯಿತು. ಚಳಿಗಾಲ. ಸೀಮೆಎಣ್ಣೆಗೆ ಜನ ಸಾಲು ನಿಂತಿದ್ದರು. ದೇಶದೊಳಗಿನ ಬಳಕೆಗೆ ಬೇಕಾದಷ್ಟಾದರೂ ಎಣ್ಣೆ ತಯಾರಿಸಿ ಅಂತ ಮುಷ್ಕರ ನಿರತರನ್ನು ಒಪ್ಪಿಸೋಕೆ ಖೊಮೇನಿ ಕಳಿಸಿದ್ದು ಇದೇ ಮೇಷ್ಟ್ರನ್ನ. ಆಗ ಅವರಿಗೆ 71 ವರ್ಷ. ಇಪ್ಪತ್ತೇಳು ವರ್ಷದ ಹಿಂದಿನ ಅದೇ ಕೆಲಸಕ್ಕೆ ಮತ್ತೆ ದಕ್ಷಿಣಕ್ಕೆ ಹೋದರು, ಕೆಲಸಗಾರರ ಜೊತೆ ಕೂತು ಮಾತಾಡಿದರು. ರಫ್ತು ಇಲ್ಲ, ಮನೆಮನೆಗೆ ಬೇಕಾದಷ್ಟು ಮಾತ್ರ ಅನ್ನೋ ಕರಾರಿಗೆ ಅವರು ಒಪ್ಪಿದರು. ಎರಡು ತಿಂಗಳೊಳಗೆ ಬಾಜರ್ಗಾನ್ ಪ್ರಧಾನಿಯಾದರು, ಅದೇ ವರ್ಷದ ನವೆಂಬರಿನಲ್ಲಿ ರಾಜೀನಾಮೆಯನ್ನೂ ಕೊಟ್ಟರು.

1980ರ ಸೆಪ್ಟೆಂಬರಿನಲ್ಲಿ ನದಿಯಾಚೆಯಿಂದ ಇರಾಕಿನ ಷೆಲ್ಲುಗಳು ಬೀಳತೊಡಗಿದವು. ಊರು ಒಂದು ವರ್ಷ ಮುತ್ತಿಗೆಯಲ್ಲಿತ್ತು, ಘಟಕ ಸುಟ್ಟು ಹೋಯಿತು. ಯುದ್ಧ ಮುಗಿದ ಮರುವರ್ಷ, 1989ರಲ್ಲಿ, ಅದರ ಒಂದು ಭಾಗದ ಫರ್ನೇಸ್ ಮತ್ತೆ ಹೊತ್ತಿತು. ಈ ಸಲ ಹಚ್ಚೋಕೆ ಬರುತ್ತೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ.