ಅರಸನ ಗಾಳ

ನಮ್ಮ ರಾಜೂರ ಕಡಲು ಕಾಣದ ಊರು. ಆದರೂ ನೆರೆಯ ಸೂಡಿಯಲ್ಲಿ ಶಾಸನಗಳನ್ನು ಬಿಟ್ಟುಹೋದ ಕಲ್ಯಾಣ ಚಾಲುಕ್ಯರ ವಂಶದಲ್ಲಿಯೇ ಮೀನುಗಳ ಬಲ್ಲಿದನೊಬ್ಬನಿದ್ದ. ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವುಂಟು. ಕಡಲ ಮೀನು ಬೇರೆ, ಹೊಳೆಯ ಮೀನು ಬೇರೆ. ಹುರುಪೆಯುಳ್ಳವು ಬೇರೆ, ಇಲ್ಲದವು ಬೇರೆ. ಕೆಲವಕ್ಕೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ. ಮೊದಲು ತಿನ್ನಿಸಿ ಸಲುಗೆ ಬೆಳೆಸುವುದು, ಬಳಿಕ ಗಾಳ! ಇಂಗ್ಲೆಂಡಿನಲ್ಲಿ ಗಾಳವನ್ನು ಕುರಿತ ಪುಸ್ತಕ ಅಚ್ಚಾದದ್ದು 1496ರಲ್ಲಿ.

ತರಗತಿಯಲ್ಲಿ ನಾನು ಈ ಭಾಗವನ್ನು ಅರಸನ ಹೊತ್ತುಗಳೆತವೆಂದು ದಾಟಿಸಿಬಿಡುತ್ತಿದ್ದೆ. ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಇದರ ಬಗೆಗೆ 1951ರಲ್ಲಿ ಬರೆದುದನ್ನು ತಿಳಿದ ಮೇಲೆ ನಾಚಿಕೆಯಾಯಿತು. ಈಗ ಕಾಡುವ ಪ್ರಶ್ನೆ ಬೇರೆ: ಯಾವ ಮೀನು ಯಾವುದಕ್ಕೆ ಬಾಯಿಹಾಕುತ್ತದೆಂಬುದು, ಹೊಳೆಯ ಬೆಸ್ತರನ್ನು ಕೇಳದೆ, ಅರಮನೆಯಲ್ಲಿದ್ದವನಿಗೆ ತಿಳಿದೀತೆ?