ಮೂರು ವೋಲ್ಟಿನ ನೆನಪು

ಪುಸ್ತಕ ಹಳೆಯದಾಗುವುದು ಕಣ್ಣಿಗೆ ಕಾಣುತ್ತದೆ. ಹಾಳೆ ಹಳದಿಯಾಗುತ್ತದೆ, ಅಂಚು ಉದುರುತ್ತದೆ, ಗೆದ್ದಲು ಹಿಡಿದರೆ ಮಣ್ಣಿನ ಗೆರೆ ಮೂಡುತ್ತದೆ. ಎಚ್ಚೆತ್ತುಕೊಳ್ಳಲು ನಮಗೊಂದಿಷ್ಟು ಕಾಲ ಸಿಗುತ್ತದೆ. ತೊಂಬತ್ತರ ದಶಕದ ಗೇಮ್ ಬಾಯ್ ಕಾರ್ಟ್ರಿಡ್ಜ್ ಸಾಯುವ ರೀತಿ ಬೇರೆ. ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ. ಯಂತ್ರಕ್ಕೆ ಸಿಕ್ಕಿಸಿದರೆ ಆಟ ಶುರುವಾಗುತ್ತದೆ, ಸಂಗೀತವೂ ಬರುತ್ತದೆ. ಆದರೆ ಪರದೆಯ ಮೇಲಿನ ಪಟ್ಟಿಯಲ್ಲಿ 'ಮುಂದುವರಿಸು' ಎಂಬ ಸಾಲು ಇರುವುದಿಲ್ಲ. 'ಹೊಸ ಆಟ' ಎಂಬುದಷ್ಟೇ ಉಳಿದಿರುತ್ತದೆ. ಒಳಗಿದ್ದ ನಾಣ್ಯದಷ್ಟು ಅಗಲದ ಸೆಲ್ಲು, ಯಾವುದೋ ಒಂದು ರಾತ್ರಿ, ಯಾರಿಗೂ ಹೇಳದೆ ಮುಗಿದುಹೋಗಿರುತ್ತದೆ.

ಆಟಕ್ಕೆ ನೆನಪಿನ ಶಕ್ತಿ ಬಂದ ಕತೆ ಇದಕ್ಕಿಂತ ಸ್ವಲ್ಪ ಹಿಂದಿನದು. ಎಂಬತ್ತರ ದಶಕದ ಮೊದಲ ಭಾಗದ ಬಹುಪಾಲು ಮನೆ ವಿಡಿಯೋ ಗೇಮುಗಳಿಗೆ ನಿನ್ನೆ ಎಂಬುದೇ ಇರಲಿಲ್ಲ. ಸ್ವಿಚ್ ಆರಿಸಿದರೆ ಆಡಿದ್ದೆಲ್ಲ ಹೋಯಿತು. ಆಟಗಳು ಉದ್ದವಾಗುತ್ತ ಬಂದಂತೆ ಅದು ಸಾಲದಾಯಿತು. ಜಪಾನಿನಲ್ಲಿ 1986ರಲ್ಲಿ ಬಂದ 'ಡ್ರ್ಯಾಗನ್ ಕ್ವೆಸ್ಟ್' ಒಂದು ಉಪಾಯ ಹುಡುಕಿತು. ಆಟ ನಿಲ್ಲಿಸುವಾಗ 20 ಜಪಾನಿ ಅಕ್ಷರಗಳ ಒಂದು ಮಂತ್ರವನ್ನು ಅದು ಪರದೆಯ ಮೇಲೆ ತೋರಿಸುತ್ತಿತ್ತು. ಆಡುವವರ ಬಲ, ಹಣ, ಆಯುಧ ಎಲ್ಲವೂ ಆ ಅಕ್ಷರಗಳಲ್ಲಿ ಅಡಕವಾಗಿರುತ್ತಿದ್ದವು. ಅದನ್ನು ಬರೆದಿಟ್ಟುಕೊಂಡು ಮರುದಿನ ತಿರುಗಿ ಒತ್ತಬೇಕು. ಮುಂದಿನ ವರ್ಷ ಬಂದ ಎರಡನೆಯ ಭಾಗದಲ್ಲಿ ಈ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಒಂದೇ ಒಂದು ಅಕ್ಷರ ತಪ್ಪು ಬರೆದುಕೊಂಡರೂ ವಾರಗಟ್ಟಲೆ ಪಟ್ಟ ಶ್ರಮ ನೀರುಪಾಲು.

ಈ ಕಷ್ಟ ತಪ್ಪಿಸಲು ಬಂದದ್ದೇ ಬ್ಯಾಟರಿ. ನಿಂಟೆಂಡೋ ಕಂಪನಿಯ 'ದಿ ಲೆಜೆಂಡ್ ಆಫ್ ಜೆಲ್ಡಾ' 1986ರಲ್ಲಿ ಜಪಾನಿನಲ್ಲಿ ಕಾಂತೀಯ ಡಿಸ್ಕಿನ ಮೇಲೆ ಬಂದಿತ್ತು. 1987ರಲ್ಲಿ ಅಮೆರಿಕಕ್ಕೆ ಹೋದಾಗ ಅದು ಚಿನ್ನದ ಬಣ್ಣದ ಕಾರ್ಟ್ರಿಡ್ಜ್ ಆಯಿತು, ಅದರೊಳಗೆ ಒಂದು ಲಿಥಿಯಂ ಸೆಲ್ಲು ಸೇರಿಕೊಂಡಿತು. ಆಡುವವರು ಇನ್ನು ಏನನ್ನೂ ಬರೆದಿಟ್ಟುಕೊಳ್ಳಬೇಕಾಗಿರಲಿಲ್ಲ. 1989ರ ಏಪ್ರಿಲ್‌ನಲ್ಲಿ ಗುನ್ಪೇ ಯೊಕೊಯಿ ಅವರ ತಂಡ ರೂಪಿಸಿದ ಗೇಮ್ ಬಾಯ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಆಡುವ ಈ ಯಂತ್ರದ ಕಾರ್ಟ್ರಿಡ್ಜುಗಳಿಗೂ ಅದೇ ವಿಧಾನ ಬಂತು. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕು ಎಂಬುದು ಯೊಕೊಯಿ ಅವರ ಪ್ರಸಿದ್ಧ ನಿಲುವು. ಅಗ್ಗದ ಚಿಪ್ಪಿನ ಪಕ್ಕದಲ್ಲಿ ಅಗ್ಗದ ಸೆಲ್ಲು ಇಡುವುದು ಆ ನಿಲುವಿಗೆ ಒಪ್ಪುವಂಥದ್ದೇ ಆಗಿತ್ತು.

ಕಾರ್ಟ್ರಿಡ್ಜನ್ನು ಬಿಚ್ಚಿ ನೋಡಿದರೆ ಇಡೀ ವ್ಯವಸ್ಥೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಒಂದು ಚಿಪ್ಪಿನಲ್ಲಿ ಆಟ ಇರುತ್ತದೆ. ಅದು ಕಾರ್ಖಾನೆಯಲ್ಲೇ ಅಚ್ಚಾದದ್ದು, ವಿದ್ಯುತ್ ಇಲ್ಲದೆಯೂ ಉಳಿಯುತ್ತದೆ. ಇನ್ನೊಂದು ಚಿಪ್ಪಿನಲ್ಲಿ ಆಡಿದವರ ದಾಖಲೆ ಇರುತ್ತದೆ. ಇದಕ್ಕೆ ವಿದ್ಯುತ್ ಹರಿಯುತ್ತಿರುವಷ್ಟು ಹೊತ್ತು ಮಾತ್ರ ನೆನಪು. ಯಂತ್ರ ಚಾಲೂ ಇದ್ದಾಗ ಯಂತ್ರವೇ ಅದನ್ನು ಸಾಕುತ್ತದೆ. ಆರಿಸಿದ ತಕ್ಷಣ ಆ ಹೊಣೆ ಸೆಲ್ಲಿನ ಮೇಲೆ ಬೀಳುತ್ತದೆ. ಸೆಲ್ಲಿನ ಒತ್ತಡ 3 ವೋಲ್ಟ್. ಅದರಿಂದ ಹರಿಯುವ ವಿದ್ಯುತ್ತು ಎಷ್ಟು ಕಡಿಮೆಯೆಂದರೆ, ಕೈಗಡಿಯಾರದ ಸೆಲ್ಲಿನಂಥದ್ದೇ ಒಂದು ಸೆಲ್ಲು ಹದಿನೈದು ಇಪ್ಪತ್ತು ವರ್ಷ ತೂಗಿಸಿಕೊಂಡು ಬರಬಲ್ಲದು. ಕೊಂಡವರಿಗೆ ಹತ್ತು ವರ್ಷ ವಯಸ್ಸಾಗಿದ್ದಾಗ ಇಪ್ಪತ್ತು ವರ್ಷವೆಂದರೆ ಶಾಶ್ವತ ಎಂದೇ ಅರ್ಥ. ಮಾಡಿದವರೂ ಬಹುಶಃ ಹಾಗೆಯೇ ಭಾವಿಸಿದ್ದರು.

ಈ ಸಣ್ಣ ಸೆಲ್ಲಿನ ಮೇಲೆ ಅತಿ ಹೆಚ್ಚು ಭಾರ ಹೊರಿಸಿದ ಆಟ 'ಪೋಕೆಮಾನ್'. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದರ ಕೆಂಪು ಮತ್ತು ಹಸಿರು ಆವೃತ್ತಿಗಳು ಬಂದವು. ಅದನ್ನು ಕಲ್ಪಿಸಿದ ಸಾತೋಶಿ ತಾಜಿರಿ ಚಿಕ್ಕವರಿದ್ದಾಗ ಟೋಕಿಯೋದ ಹೊರವಲಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಪಟ್ಟಣ ಬೆಳೆದು ಕೆರೆಗದ್ದೆಗಳು ಮಾಯವಾದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಸಂತೋಷವನ್ನು ಕೊಡಬೇಕೆಂಬುದು ಅವರ ಆಸೆ. ಹಾಗಾಗಿ ಈ ಆಟದ ತಿರುಳು ಗೆಲ್ಲುವುದಕ್ಕಿಂತ ಹೆಚ್ಚಾಗಿ ಸಂಗ್ರಹಿಸುವುದು. ಸಂಗ್ರಹವೆಂದ ಮೇಲೆ ಅದನ್ನಿಡಲು ಪೆಟ್ಟಿಗೆ ಬೇಕು. ಆ ಪೆಟ್ಟಿಗೆಯೇ 32 ಕಿಲೋಬೈಟಿನ ಒಂದು ಚಿಪ್ಪು. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋದ ನೂರರಲ್ಲೊಂದು ಪಾಲು ಕೂಡ ಅದರಲ್ಲಿ ಹಿಡಿಯುವುದು ಕಷ್ಟ.

ಅಷ್ಟು ಚಿಕ್ಕ ಜಾಗದಲ್ಲಿ ಏನೇನಿತ್ತು ನೋಡಿ. ಆಡುವವರು ತಮಗಿಟ್ಟುಕೊಂಡ ಹೆಸರು, ಎದುರಾಳಿಗೆ ಇಟ್ಟ ಹೆಸರು, ಪ್ರತಿಯೊಂದು ಪ್ರಾಣಿಗೂ ಇಟ್ಟ ಮುದ್ದು ಹೆಸರು, ಆಡಿದ ಒಟ್ಟು ಗಂಟೆ. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಹಾಗೆ ಬಂದ ಪ್ರಾಣಿಯ ಜೊತೆ ಅದನ್ನು ಮೊದಲು ಹಿಡಿದವರ ಹೆಸರೂ ಬರುತ್ತಿತ್ತು, ಮುಂದೆ ಯಾರ ಕೈ ಸೇರಿದರೂ ಆ ಹೆಸರು ಅಳಿಯುತ್ತಿರಲಿಲ್ಲ. ಊರು ಬಿಟ್ಟುಹೋದ ಗೆಳೆಯನ, ಈಗ ಇಲ್ಲದ ಅಕ್ಕನ ಹೆಸರು ಏಳಕ್ಷರದಲ್ಲಿ ಯಾರದ್ದೋ ಕಾರ್ಟ್ರಿಡ್ಜಿನೊಳಗೆ ಇರಲು ಸಾಧ್ಯವಿತ್ತು. ಈಗಲೂ ಇದೆ, ಸೆಲ್ಲು ಮುಗಿದಿಲ್ಲದಿದ್ದರೆ.

ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಆಟದ ಬಗ್ಗೆ ನಾವು ಆತಂಕಪಡಬೇಕಾಗಿಲ್ಲ. ಅದರ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾಗಿವೆ, ಎಲ್ಲವೂ ಒಂದೇ ತರಹದವು. ಒಂದು ಹಾಳಾದರೆ ಇನ್ನೊಂದಿದೆ. ಆದರೆ ಆಡಿದವರ ದಾಖಲೆಗೆ ಇರುವುದು ಒಂದೇ ಪ್ರತಿ. ಅಚ್ಚಾದ ಪಂಚಾಂಗ ಎಲ್ಲ ಮನೆಯಲ್ಲೂ ಒಂದೇ. ಅದರ ಅಂಚಿನಲ್ಲಿ ಅಜ್ಜಿ ಗುರುತು ಹಾಕಿಟ್ಟ ಹಾಲಿನ ಲೆಕ್ಕ, ಮಗು ಹುಟ್ಟಿದ ಗಳಿಗೆ, ಕರು ಹಾಕಿದ ದಿನ ಮಾತ್ರ ಆ ಒಂದು ಮನೆಯದು. ಕಾರ್ಟ್ರಿಡ್ಜಿನಲ್ಲಿ ಅಳಿಯುತ್ತಿರುವುದು ಪಂಚಾಂಗವಲ್ಲ, ಆ ಅಂಚಿನ ಬರಹ.

ಸಾರ್ವಜನಿಕ ಇತಿಹಾಸಕ್ಕೂ ಇದರಲ್ಲಿ ಪಾಲಿದೆ. ಪೋಕೆಮಾನ್ ಆಟ ಮುಗಿಯುವ ಹಂತದಲ್ಲಿ ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಉಳಿದಿದ್ದ ಸುಮಾರು 300 ಬೈಟ್ ಜಾಗದಲ್ಲಿ 'ಮ್ಯೂ' ಎಂಬ 151ನೆಯ ಪ್ರಾಣಿಯನ್ನು ಸೇರಿಸಿಟ್ಟರು. ಆಟದಲ್ಲಿ ಅದನ್ನು ಹಿಡಿಯಲು ಯಾವ ನೇರ ದಾರಿಯೂ ಇರಲಿಲ್ಲ. 1996ರಲ್ಲಿ 'ಕೊರೊಕೊರೊ' ಎಂಬ ಮಕ್ಕಳ ಪತ್ರಿಕೆ 20 ಮಂದಿಗೆ ಅದನ್ನು ಕೊಡುವುದಾಗಿ ಪ್ರಕಟಿಸಿದಾಗ ಸುಮಾರು 78,000 ಅರ್ಜಿಗಳು ಬಂದವು. ಮುಂದೆ ಹಲವು ಕಾರ್ಯಕ್ರಮಗಳಲ್ಲಿಯೂ ಮ್ಯೂವನ್ನು ಹಂಚಲಾಯಿತು. ಹೀಗೆ ಹಂಚಿದ್ದು ಹೋಗಿ ಸೇರಿದ್ದು ಆಯಾ ಮಕ್ಕಳ ಕಾರ್ಟ್ರಿಡ್ಜಿನ ಬ್ಯಾಟರಿ ಚಿಪ್ಪಿಗೆ. 2002ರಲ್ಲಿ ಬಂದ 'ರೂಬಿ' ಮತ್ತು 'ಸಫೈರ್' ಆಟಗಳಿಗೆ ಹಳೆಯ ಆಟಗಳ ಪ್ರಾಣಿಗಳನ್ನು ಸಾಗಿಸುವ ಅವಕಾಶವನ್ನೇ ಕೊಡಲಿಲ್ಲ. ಹಾಗಾಗಿ ಆ ಮೊದಲ ಸಂಗ್ರಹಗಳೆಲ್ಲ ತಾವು ಹುಟ್ಟಿದ ಸೆಲ್ಲಿನ ಜೊತೆಯಲ್ಲೇ ಉಳಿದವು.

ಸೋಜಿಗವೆಂದರೆ ಹೊಸ ಆಟಗಳೇ ಮೊದಲು ಸತ್ತವು. 1999ರ 'ಗೋಲ್ಡ್' ಮತ್ತು 'ಸಿಲ್ವರ್' ಆವೃತ್ತಿಗಳಲ್ಲಿ ಹಗಲು ರಾತ್ರಿ ನಿಜವಾದ ಹೊತ್ತಿಗೆ ತಕ್ಕಂತೆ ಬದಲಾಗುತ್ತಿದ್ದವು. ಅದಕ್ಕಾಗಿ ಕಾರ್ಟ್ರಿಡ್ಜಿನೊಳಗೆ ಒಂದು ಗಡಿಯಾರ ಇಟ್ಟಿದ್ದರು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳೊಂದು, ಯಂತ್ರ ಕಪಾಟಿನಲ್ಲಿದ್ದರೂ, ಆ ಒಂದೇ ಸೆಲ್ಲಿನಿಂದ ಅನ್ನ ಉಣ್ಣುತ್ತಿತ್ತು. ದಾಖಲೆ ಮತ್ತು ಗಡಿಯಾರ ಎರಡನ್ನೂ ಸಾಕಬೇಕಾದ ಸೆಲ್ಲು ಬೇಗ ಬರಿದಾಯಿತು. 'ರೂಬಿ'ಯ ಹೊತ್ತಿಗೆ ವಿದ್ಯುತ್ತಿಲ್ಲದೆಯೂ ನೆನಪಿಡುವ ಫ್ಲ್ಯಾಶ್ ಚಿಪ್ಪು ಬಂದಿತ್ತು. ಅದರಲ್ಲಿ ಸೆಲ್ಲು ಮುಗಿದರೆ ಗಡಿಯಾರ ಮಾತ್ರ ನಿಲ್ಲುತ್ತದೆ, ದಾಖಲೆ ಉಳಿಯುತ್ತದೆ.

ಸೆಲ್ಲು ಬದಲಿಸಿದರಾಯಿತಲ್ಲ ಎಂದು ಕೇಳಬಹುದು. ಬದಲಿಸಬಹುದು, ಆದರೆ ಈ ರಿಪೇರಿಯಲ್ಲೇ ಒಂದು ಸಂಕಟವಿದೆ: ಯಾವುದನ್ನು ಉಳಿಸಲು ಸೆಲ್ಲು ತೆಗೆಯುತ್ತೇವೋ, ತೆಗೆದ ಕ್ಷಣದಲ್ಲೇ ಅದು ಅಳಿಸಿಹೋಗುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಇನ್ನೊಂದು ಮೂಲದಿಂದ ವಿದ್ಯುತ್ ಹರಿಯುತ್ತಿರುವಂತೆ ನೋಡಿಕೊಂಡು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದು. ಕೈ ಒಂದಿಷ್ಟು ಅಲುಗಿದರೂ ಮುಗಿಯಿತು. ಎರಡನೆಯದು, ಕಾರ್ಟ್ರಿಡ್ಜನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನದಿಂದ ದಾಖಲೆಯ ನಕಲು ತೆಗೆದಿಟ್ಟುಕೊಂಡು, ಸೆಲ್ಲು ಬದಲಿಸಿದ ಮೇಲೆ ತಿರುಗಿ ತುಂಬುವುದು. ಇದು ಹೆಚ್ಚು ಸುರಕ್ಷಿತ. ಎರಡೂ ದಾರಿ ತೆರೆದಿರುವುದು ಹಳೆಯ ಸೆಲ್ಲಿನಲ್ಲಿ ಜೀವವಿರುವವರೆಗೆ ಮಾತ್ರ.

ಇನ್ನೊಂದು ಎಚ್ಚರಿಕೆಯೂ ಇದೆ. ಈ ಸೆಲ್ಲುಗಳಿಗೆ ಕಾರ್ಖಾನೆಯಲ್ಲೇ ಲೋಹದ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ಆ ಪಟ್ಟಿಗಳನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಪಟ್ಟಿಯಿಲ್ಲದ ಸೆಲ್ಲು ತಂದು ಅದರ ಮೈಗೇ ನೇರವಾಗಿ ಬೆಸುಗೆ ಹಾಕಬಾರದು. ಲಿಥಿಯಂ ಕರಗುವುದು 180.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಮಾನ್ಯ ತವರ-ಸೀಸದ ಬೆಸುಗೆ ಕರಗುವುದೇ 183 ಡಿಗ್ರಿಯಲ್ಲಿ. ಬೆಸುಗೆ ಕರಗುವಷ್ಟು ಕಾವು ಸೆಲ್ಲಿನ ಒಳಕ್ಕೆ ಇಳಿದರೆ ಅದು ಸಿಡಿಯಬಹುದು. ಪಟ್ಟಿ ಇರುವ ಸೆಲ್ಲುಗಳೇ ಸಿಗುತ್ತವೆ, ಅವನ್ನೇ ತರಬೇಕು.

ಈಗ 'ಡ್ರ್ಯಾಗನ್ ಕ್ವೆಸ್ಟ್'ನ ಮಂತ್ರಾಕ್ಷರಗಳತ್ತ ತಿರುಗಿ ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. 1986ರಲ್ಲಿ ಯಾವುದೋ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಸರಿಯಾಗಿ ಬರೆದಿಟ್ಟ ಆ 20 ಅಕ್ಷರಗಳನ್ನು ಇವತ್ತು ಒತ್ತಿದರೂ ಆಟ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆ ತೊಂದರೆಯನ್ನು ನೀಗಿಸಲು ಬಂದ ಬ್ಯಾಟರಿಯೇ ಮೊದಲು ಸೋತಿತು. ಬರೆಯುವ ಶ್ರಮ ತಪ್ಪಿದಾಗ, ನಕಲು ಇಟ್ಟುಕೊಳ್ಳುವ ರೂಢಿಯೂ ತಪ್ಪಿಹೋಯಿತು.

ಹೊಸ ಸೆಲ್ಲು ಕೂಡ ಇನ್ನೊಂದು ಹದಿನೈದು ಇಪ್ಪತ್ತು ವರ್ಷದ ಮಾತು. ಆದ್ದರಿಂದ ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಬದಲಿಸುವವರು ಮುಚ್ಚಳ ಹಾಕುವ ಮುನ್ನ ಒಳಗೊಂದು ಚೀಟಿಯಲ್ಲಿ ಆ ದಿನದ ತಾರೀಖು ಬರೆದಿಟ್ಟರೆ, ಮುಂದೆ ಅದನ್ನು ಬಿಚ್ಚುವವರಿಗೆ ಎಷ್ಟು ಸಮಯ ಉಳಿದಿದೆ ಎಂಬುದಾದರೂ ತಿಳಿಯುತ್ತದೆ.