ಪ್ರಸಾಧನ ದ್ರವ್ಯಗಳ ಪ್ರಾಣಿಪರೀಕ್ಷೆ: ಒಂದು ನಿಷೇಧದ ಇತಿಹಾಸ

ಮಾರತ್ತಹಳ್ಳಿಯ ಅಂಗಡಿಗಳಲ್ಲಿ ಮಾರಾಟಕ್ಕಿರುವ ಸಾಬೂನು, ಲೇಪನ, ಕೇಶವರ್ಣಗಳ ಡಬ್ಬಿಗಳ ಮೇಲೆ ಕೆಲವೊಮ್ಮೆ ಮೊಲದ ಚಿತ್ರವೊಂದು ಇರುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಆ ವಸ್ತುವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂಬುದೇ ಆ ಚಿತ್ರದ ತಾತ್ಪರ್ಯ. ಭಾರತದಲ್ಲಿ ಅಂಥ ಪರೀಕ್ಷೆಯು 2014ರಿಂದ ನಿಷಿದ್ಧವಾಗಿದೆ. ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆಯಾದರೋ 1960ರಲ್ಲಿಯೇ ಬಂದಿತ್ತು. ಇವೆರಡರ ನಡುವೆ 54 ವರ್ಷಗಳ ಅಂತರ ಏಕೆ ಬಿದ್ದಿತೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಪ್ರಸಾಧನ ದ್ರವ್ಯಗಳ ಉದ್ಯಮವು ಈ ಪರೀಕ್ಷೆಗಿಂತ ಹಳೆಯದು. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತುಹೋದಾಗ, ಮೈಸೂರು ಸರ್ಕಾರವು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ತೆಗೆಯಲು ತೊಡಗಿತು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಹುಟ್ಟಿತು. ಮೊಲದ ಕಣ್ಣಿನ ಪರೀಕ್ಷೆಯಾದರೋ ಅಮೆರಿಕದಲ್ಲಿ ರೂಪುಗೊಂಡುದು 1944ರಲ್ಲಿ. ಜಾನ್ ಡ್ರೇಜ್ ಎಂಬ ವಿಜ್ಞಾನಿಯ ಹೆಸರಿನಿಂದ ಪ್ರಸಿದ್ಧವಾದ ಈ ವಿಧಾನದಲ್ಲಿ, ಬಿಳಿಯ ಮೊಲದ ಒಂದು ಕಣ್ಣಿಗೆ ದ್ರವ್ಯವನ್ನು ಹಾಕಿ, ಇನ್ನೊಂದು ಕಣ್ಣನ್ನು ಹೋಲಿಕೆಗೆಂದು ಬಿಟ್ಟು, ಕೆಂಪು, ಊತ, ಹುಣ್ಣುಗಳನ್ನು ದಿನಗಟ್ಟಲೆ ಗಮನಿಸಿ ಅಂಕಗಳನ್ನು ಕೊಡಲಾಗುತ್ತಿತ್ತು.

ಇದನ್ನು ಕೇವಲ ಕ್ರೌರ್ಯದ ಫಲವೆಂದು ಹೇಳುವುದು ಇತಿಹಾಸಕ್ಕೆ ನ್ಯಾಯವಾಗದು. 1930ರ ದಶಕದಲ್ಲಿ ರೆಪ್ಪೆಗೆ ಹಚ್ಚುವ ಬಣ್ಣವೊಂದರಿಂದ ಅಮೆರಿಕದ ಮಹಿಳೆಯರು ಕಣ್ಣುಗಳಿಗೆ ಹಾನಿ ಮಾಡಿಕೊಂಡಿದ್ದರು. ಆ ಬಗೆಯ ಅನಾಹುತಗಳ ತರುವಾಯ 1938ರಲ್ಲಿ ಅಲ್ಲಿ ಪ್ರಸಾಧನ ದ್ರವ್ಯಗಳನ್ನೂ ಒಳಗೊಂಡ ಕಾಯಿದೆಯಾಯಿತು. ಮನುಷ್ಯನ ಕಣ್ಣನ್ನು ಕಾಯುವ ಹೊಣೆಯೇ ಮೊಲದ ಕಣ್ಣಿನ ಮೇಲೆ ಬಿದ್ದಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಸಂಸತ್ತಿನ ಮುಂದೆ ತಂದವರು ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿದ್ದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು. 1953ರ ಅವರ ಖಾಸಗಿ ಮಸೂದೆಯನ್ನು, ಸರ್ಕಾರವೇ ಕಾಯಿದೆ ತರುವುದೆಂಬ ಪ್ರಧಾನಿ ನೆಹರೂ ಅವರ ಭರವಸೆಯ ಮೇಲೆ ಹಿಂದಕ್ಕೆ ಪಡೆಯಲಾಯಿತು. ಅದರ ಫಲವೇ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ. ಆದರೆ ಅದರ 14ನೆಯ ಪ್ರಕರಣವು ಪ್ರಯೋಗಗಳಿಗೆ ವಿನಾಯಿತಿಯನ್ನಿತ್ತಿತು. ಶರೀರಶಾಸ್ತ್ರದ ಹೊಸ ಜ್ಞಾನ, ಪ್ರಾಣರಕ್ಷಣೆ, ನೋವಿನ ಶಮನ, ರೋಗದ ಪ್ರತೀಕಾರ ಇವೇ ಅಲ್ಲಿ ಹೇಳಿರುವ ಉದ್ದೇಶಗಳು. ತುಟಿಯ ಬಣ್ಣವು ಇವುಗಳಲ್ಲಿ ಯಾವುದಕ್ಕೆ ಸೇರೀತು? ಕಾಯಿದೆಯ ಮಾತನ್ನು ನೇರವಾಗಿ ಓದಿದರೆ ಯಾವುದಕ್ಕೂ ಸೇರದೆಂದೇ ತೋರುತ್ತದೆ. ಇನ್ನೂ ವಿಚಾರಾರ್ಹವಾದುದು 17ನೆಯ ಪ್ರಕರಣ. ದೊಡ್ಡ ಪ್ರಾಣಿಗಳ ಬದಲು ಗಿನಿ ಹಂದಿ, ಮೊಲ, ಕಪ್ಪೆ, ಇಲಿಗಳಿಂದ ಅದೇ ಫಲ ದೊರೆಯುವುದಾದರೆ ಅವುಗಳನ್ನೇ ಬಳಸಬೇಕೆಂದು ಅದು ಸೂಚಿಸುತ್ತದೆ. ಹೀಗೆ ದಯೆಯ ಕಾಯಿದೆಯೇ ಮೊಲದ ಕಡೆಗೆ ಬೆರಳು ತೋರಿಸಿತು!

ಇತ್ತ 1962ರ ತಿದ್ದುಪಡಿಯಿಂದ 1940ರ ಔಷಧ ಕಾಯಿದೆಯ ವ್ಯಾಪ್ತಿಗೆ ಪ್ರಸಾಧನ ದ್ರವ್ಯಗಳೂ ಬಂದವು. ಸುರಕ್ಷತೆಯ ಪರೀಕ್ಷಾವಿಧಾನಗಳನ್ನು ಭಾರತೀಯ ಮಾನಕಗಳು ವಿಧಿಸಿದುವು. ಒಂದು ಕಾಯಿದೆ ಪ್ರಾಣಿಯ ನೋವನ್ನು ಕಡಿಮೆ ಮಾಡೆನ್ನುತ್ತಿರಲು, ಇನ್ನೊಂದರ ಆಶ್ರಯದಲ್ಲಿ ಪರೀಕ್ಷೆ ನಡೆಯಿತು. 1964ರಲ್ಲಿ ನೇಮಕವಾದ ಪ್ರಯೋಗ ನಿಯಂತ್ರಣ ಸಮಿತಿಯದು ಮೇಲ್ವಿಚಾರಣೆಯ ಅಧಿಕಾರವೇ ಹೊರತು ಪೂರ್ಣ ನಿಷೇಧದ್ದಲ್ಲ.

ಜನಾಭಿಪ್ರಾಯವನ್ನು ರೂಪಿಸುವ ಕೆಲಸವು ಸಂಘಗಳ ಪಾಲಿಗೆ ಬಂದಿತು. 1959ರಲ್ಲಿ ಇಂಗ್ಲೆಂಡಿನಲ್ಲಿ ಲೇಡಿ ಡೌಡಿಂಗ್ ಅವರು ಸ್ಥಾಪಿಸಿದ 'ಬ್ಯೂಟಿ ವಿತೌಟ್ ಕ್ರೂಯೆಲ್ಟಿ' ಸಂಸ್ಥೆಯ ಭಾರತೀಯ ಶಾಖೆಯು 1974ರಲ್ಲಿ ಪುಣೆಯಲ್ಲಿ ಆರಂಭವಾಗಿ, ಕೊಳ್ಳುವವನಿಗೆ ಕೊಳ್ಳುವ ವಸ್ತುವಿನ ಹಿನ್ನೆಲೆಯನ್ನು ತಿಳಿಸತೊಡಗಿತು. ದೆಹಲಿ, ಜಯಪುರಗಳಲ್ಲಿ ಪ್ರಾಣಿಸೇವೆ ಮಾಡಿದ್ದ ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಬೆಂಗಳೂರಿನಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಕಟ್ಟಿದರು. ಬೀದಿಯ ಗಾಯಗೊಂಡ ಪ್ರಾಣಿಗಳ ಆರೈಕೆಯೇ ಅದರ ಮುಖ್ಯ ಕಾರ್ಯವಾಗಿದ್ದರೂ, ಪ್ರಾಣಿಯ ನೋವು ಸಾರ್ವಜನಿಕ ಪ್ರಶ್ನೆಯೆಂಬ ಭಾವನೆಯನ್ನು ಈ ನಗರದಲ್ಲಿ ಬಲಪಡಿಸಿದ ಶ್ರೇಯಸ್ಸು ಅಂಥ ಸಂಸ್ಥೆಗಳಿಗೆ ಸಲ್ಲಬೇಕು.

ಆದರೆ ಜನಾಭಿಪ್ರಾಯವೊಂದರಿಂದಲೇ ನಿಷೇಧವು ಬರಲಿಲ್ಲ. ಒಂದೇ ದ್ರವ್ಯಕ್ಕೆ ಬೇರೆ ಬೇರೆ ಪ್ರಯೋಗಶಾಲೆಗಳು ಬಹು ಭಿನ್ನವಾದ ಫಲಿತಾಂಶಗಳನ್ನು ಕೊಡುತ್ತವೆಂದು 1971ರ ಅಧ್ಯಯನವೊಂದು ತೋರಿಸಿ, ಮೊಲದ ಪರೀಕ್ಷೆಯ ಪ್ರಾಮಾಣ್ಯವನ್ನೇ ಶಂಕೆಗೊಳಪಡಿಸಿತ್ತು. 1980ರಲ್ಲಿ ಅಮೆರಿಕದ ಹೆನ್ರಿ ಸ್ಪೈರಾ ಅವರು ರೆವ್ಲಾನ್ ಕಂಪನಿಯನ್ನು ಕುರಿತು ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತನ್ನು ಪ್ರಕಟಿಸಿದರು. ಅವರು ಬೇಡಿದುದು ಬರಿಯ ಕರುಣೆಯನ್ನಲ್ಲ, ಪರ್ಯಾಯ ವಿಧಾನಗಳ ಸಂಶೋಧನೆಗೆ ಹಣವನ್ನು. ಕಂಪನಿಯು ಅದೇ ವರ್ಷ 7,50,000 ಡಾಲರುಗಳನ್ನು ನೀಡಲೊಪ್ಪಿತು. ತರುವಾಯದ ದಶಕಗಳಲ್ಲಿ ಮಾನವ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರಗಳು ಮುಂತಾದ ವಿಧಾನಗಳು ಮಾನ್ಯತೆ ಪಡೆದುವು. 2013ರ ಮಾರ್ಚಿಯಲ್ಲಿ ಐರೋಪ್ಯ ಒಕ್ಕೂಟವು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನ ದ್ರವ್ಯಗಳ ಮಾರಾಟವನ್ನು ಪೂರ್ಣವಾಗಿ ನಿಲ್ಲಿಸಿತು. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆಯ ಸಮಿತಿಯು ಪ್ರಾಣಿಪರೀಕ್ಷೆಗಳನ್ನು ಕೈಬಿಡಲು ಒಪ್ಪಿತು. 2014ರ ಮೇ ತಿಂಗಳಲ್ಲಿ ಪರೀಕ್ಷೆಗೂ, ನವೆಂಬರಿನಿಂದ ಪರೀಕ್ಷಿತ ದ್ರವ್ಯಗಳ ಆಮದಿಗೂ ನಿಷೇಧವು ಬಂದಿತು.

ಇದರಿಂದ ಫಲಿಸುವ ನಿರ್ಣಯವಿಷ್ಟು: ಪರ್ಯಾಯವಿಲ್ಲದ ದಯೆಯು 1960ರಲ್ಲಿ ಮೇಲ್ವಿಚಾರಣೆಯನ್ನಷ್ಟೇ ಗಳಿಸಿತು, ಪರ್ಯಾಯವು ಕೂಡಿಬಂದ ದಯೆಯು 2014ರಲ್ಲಿ ನಿಷೇಧವನ್ನು ಗಳಿಸಿತು. ಆದರೆ ಆ ಪರ್ಯಾಯವನ್ನು ಹುಡುಕುವಂತೆ ಉದ್ಯಮವನ್ನು ಒತ್ತಾಯಿಸಿದುದೂ ದಯೆಯೇ ಎಂಬುದನ್ನು ಮರೆಯಲಾಗದು. ನಿಷೇಧದ ಮಿತಿಯೂ ಸ್ಪಷ್ಟವಾಗಿದೆ. ಅದು ಪ್ರಸಾಧನ ದ್ರವ್ಯಗಳಿಗಷ್ಟೇ ಅನ್ವಯಿಸುತ್ತದೆ. 14ನೆಯ ಪ್ರಕರಣವು ಹಾಗೆಯೇ ಉಳಿದಿದೆ.

ದಂಡು ಪ್ರದೇಶದ ಶಿವಾಜಿನಗರ, ಹಲಸೂರುಗಳಿಂದ ಮಾರತ್ತಹಳ್ಳಿಯವರೆಗೆ ಹಬ್ಬಿರುವ ಈ ಪೂರ್ವಭಾಗದಲ್ಲಿ ಪ್ರಾಣಿದಯಾ ಚಳುವಳಿಗೆ ಸಂಬಂಧಿಸಿದ ಕರಪತ್ರ, ಪತ್ರವ್ಯವಹಾರಗಳು ಮನೆಗಳಲ್ಲಿ ಉಳಿದಿದ್ದರೆ, ಅವನ್ನು ನಮ್ಮ ಕಾಲೇಜುಗಳ ಗ್ರಂಥಾಲಯಗಳು ಸಂಗ್ರಹಿಸಿಡುವುದು ಅವಶ್ಯ. ಕಾಯಿದೆಗಳು ರಾಜಪತ್ರದಲ್ಲಿ ಉಳಿಯುತ್ತವೆ. ಅವುಗಳಿಗಾಗಿ ದುಡಿದವರ ಕಾಗದಗಳು ನಾವು ಕಾಪಾಡಿದರೆ ಮಾತ್ರ ಉಳಿಯುತ್ತವೆ.